ಹೆಲ್ಮೆಟ್ಟಿನೊಳಗಿನ ಆಪರೇಷನ್ ಥಿಯೇಟರ್

2005ರಲ್ಲಿ ನಾನು ಚೆನ್ನೈನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ ನರ್ಸಿಂಗ್ ಕಾಲೇಜಿನಲ್ಲಿ ಸೀನಿಯರ್ ಟ್ಯೂಟರ್ ಆಗಿದ್ದೆ. ಹುಟ್ಟಿ ಬೆಳೆದದ್ದು ದಾವಣಗೆರೆ. ಯಜಮಾನರಿಗೆ ವಿಮಾ ಕಂಪನಿಯಲ್ಲಿ ವರ್ಗವಾಗಿ ಬೆಸೆಂಟ್ ನಗರಕ್ಕೆ ಬಂದು ನೆಲೆಸಿದ್ದೆವು. ಮೂರನೆಯ ವರ್ಷದ ಹುಡುಗಿಯರನ್ನು ಆಪರೇಷನ್ ಥಿಯೇಟರಿಗೆ ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸ.

ಆ ಕೆಲಸ ಎಷ್ಟು ಕಷ್ಟದ್ದು ಎಂಬುದು ಹೊರಗಿನವರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಸ್ಕ್ರಬ್ ನರ್ಸ್ ಎಂದರೆ ಸರ್ಜನ್ ಪಕ್ಕದಲ್ಲಿ ನಿಂತು, ಬೇಕಾದ ಉಪಕರಣವನ್ನು ಬೇಕಾದ ಕ್ಷಣದಲ್ಲಿ ಅವರ ಅಂಗೈಗೆ ಕೊಡುವವಳು. ಅವಳ ಗೌನು, ಗ್ಲೌಸು, ಮುಂದಿರುವ ಟ್ರಾಲಿ ಎಲ್ಲವೂ ಸ್ಟೆರೈಲ್, ಅಂದರೆ ರೋಗಾಣುಗಳಿಲ್ಲದವು. ಬೇರೆ ಯಾವುದಕ್ಕಾದರೂ ಮೈ ತಗುಲಿತೋ, ಎಲ್ಲವನ್ನೂ ತೆಗೆದು ಮೊದಲಿನಿಂದ ಶುರು ಮಾಡಬೇಕು. ಇದನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಕಲಿಸುವುದೆಂದರೆ, ಬೆಂಚಿನ ಮೇಲೆ ಮಲಗಿಸಿ ಈಜು ಕಲಿಸಿದ ಹಾಗೆ. ಥಿಯೇಟರಿನಲ್ಲೋ, ನಮ್ಮ ಹುಡುಗಿಯರಿಗೆ ಕಾಣುತ್ತಿದ್ದದ್ದು ದೊಡ್ಡವರ ಬೆನ್ನು ಮಾತ್ರ.

ಹೀಗಿರುವಾಗ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ರಾಘು ಎಂಬ ಯುವ ಉಪನ್ಯಾಸಕ ನಮ್ಮಲ್ಲಿಗೆ ಬಂದ. ಅವನ ಅಜ್ಜ ರೈಲ್ವೆಯಲ್ಲಿ ಕೆಲಸ ಮಾಡಲು ಮೈಸೂರಿನಿಂದ ಚೆನ್ನೈನ ಪೆರಂಬೂರಿಗೆ ಬಂದವರಂತೆ. ಮೂರು ತಲೆಮಾರು ಇಲ್ಲೇ ಕಳೆದದ್ದರಿಂದ ಅವನ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು. ವರ್ಚುವಲ್ ರಿಯಾಲಿಟಿ ಎಂಬ ತಂತ್ರದಲ್ಲಿ ಒಂದು ಥಿಯೇಟರನ್ನು ಕಟ್ಟಬೇಕೆಂದೂ, ಒಳಗೆ ಏನೆಲ್ಲ ಇರುತ್ತದೆಂದು ಹೇಳಿಕೊಡಲು ಒಬ್ಬ ನರ್ಸ್ ಬೇಕೆಂದೂ ಪ್ರಿನ್ಸಿಪಾಲರಲ್ಲಿ ಕೇಳಿದ. ಅವರು ನನ್ನತ್ತ ಕೈ ತೋರಿಸಿದರು.

ಅವನ ಯಂತ್ರವನ್ನು ಮೊದಲ ಸಲ ಹಾಕಿಕೊಂಡ ದಿನವನ್ನು ನಾನು ಮರೆಯಲಾರೆ. ಹೆಲ್ಮೆಟ್ಟಿನಂಥದ್ದು, ಕತ್ತು ನೋಯುವಷ್ಟು ಭಾರ. ಕಣ್ಣಿನ ಮುಂದೆ ಎರಡು ಪುಟ್ಟ ಪರದೆಗಳು, ಹಿಂದಿನಿಂದ ಜಡೆಯಂತೆ ಇಳಿಬಿದ್ದ ವೈರುಗಳು, ಎರಡೂ ಕೈಗೆ ಗುಂಡಿಯಿರುವ ಹಿಡಿಗಳು. ತಲೆ ತಿರುಗಿಸಿದರೆ ನೋಟವೂ ತಿರುಗುತ್ತಿತ್ತು. ಎಡಕ್ಕೆ ನೋಡಿದರೆ ಗೋಡೆ, ಗೋಡೆಯ ಮೇಲೆ ಗಡಿಯಾರ. ಮೇಲೆ ನೋಡಿದರೆ ದೊಡ್ಡ ದೀಪ. ಮುಂದೆ ನೀಲಿ ಬಟ್ಟೆ ಹೊದಿಸಿದ ರೋಗಿ. ಎಲ್ಲ ಕಾರ್ಟೂನಿನ ಹಾಗಿತ್ತು ನಿಜ. ಸರ್ಜನ್ನರ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಫೋರ್ಸೆಪ್ಸು ನಮ್ಮ ಮನೆಯ ಇಕ್ಕಳದಂತಿತ್ತು. ಆದರೂ ನಾನು ಮೈಮರೆತು ಹೋದೆ. ಆಪರೇಷನ್ ಟೇಬಲ್ಲಿಗೆ ಒರಗೋಣವೆಂದು ಕೈಯೂರಿದೆ, ಅಲ್ಲಿ ಟೇಬಲ್ಲೇ ಇರಲಿಲ್ಲ. ರಾಘು ಹಿಡಿಯದಿದ್ದರೆ ಆ ದಿನವೇ ನಿಜವಾದ ಥಿಯೇಟರಿಗೆ ರೋಗಿಯಾಗಿ ಹೋಗುತ್ತಿದ್ದೆ.

ಸಂಜೆ ಮನೆಗೆ ಬಂದವಳೇ ಯಜಮಾನರಿಗೆ ಅಡುಗೆಮನೆಯಲ್ಲೇ ಅಭಿನಯಿಸಿ ತೋರಿಸಿದೆ. ನನಗೆ ಆಗ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಹೊಸ ಆಟಿಕೆ ಸಿಕ್ಕಿದ ಸಂತೋಷ ಎಲ್ಲರಿಗೂ ಬರುವಂಥದ್ದಲ್ಲ. ಮಾರನೆಯ ದಿನದಿಂದಲೇ ರಾಘುವಿನ ಬೆನ್ನು ಬಿದ್ದೆ. ಟ್ರಾಲಿ ಈ ಕಡೆಗೆ ಬರಬೇಕು, ಸರ್ಜನ್ ಪ್ಲೀಸ್ ಗೀಸ್ ಎನ್ನಬಾರದು, ಸುಮ್ಮನೆ ಕೈ ಚಾಚಬೇಕು, ತಡವಾದರೆ ಸಿಡುಕಬೇಕು ಎಂದು ತಿದ್ದಿಸಿದೆ. ನಮ್ಮ ಕಾಲೇಜಿನ ಒಂದು ಹಳೆಯ ಸ್ಟೋರ್ ರೂಮನ್ನು ಖಾಲಿ ಮಾಡಿಸಿ, ಎ.ಸಿ. ಹಾಕಿಸಿ, ಕಂಪ್ಯೂಟರನ್ನು ಅಲ್ಲೇ ಇಡಿಸಿದೆವು. ಹುಡುಗಿ ಹೆಲ್ಮೆಟ್ ಹಾಕಿಕೊಂಡು ಒಳಗೆ ಏನು ನೋಡುತ್ತಾಳೋ ಅದೆಲ್ಲವೂ ಹೊರಗೆ ಮೇಜಿನ ಮೇಲಿದ್ದ ಮಾನಿಟರಿನಲ್ಲಿ ನಮಗೆ ಕಾಣುತ್ತಿತ್ತು.

ಎಲ್ಲರಿಗೂ ಇಷ್ಟೊಂದು ಉತ್ಸಾಹವಿರಲಿಲ್ಲ. ಥಿಯೇಟರಿನ ಇನ್‌ಚಾರ್ಜ್ ಸಿಸ್ಟರ್ ಲಿಲ್ಲಿ ಒಮ್ಮೆ ಬಂದು ನೋಡಿ ಮೂಗು ಮುರಿದರು. ಅವರ ಥಿಯೇಟರಿನಲ್ಲಿ ಒಂದು ಸೂಜಿ ಕೂಡ ಅಪ್ಪಣೆಯಿಲ್ಲದೆ ಜಾಗ ಬದಲಿಸುತ್ತಿರಲಿಲ್ಲ. ನನಗೂ ಅವರ ಮೇಲೆ ಗೌರವವಿತ್ತು, ಸ್ವಲ್ಪ ಭಯವೂ ಇತ್ತು. “ಎನ್ನಮ್ಮಾ ಇದು, ವಿಡಿಯೋ ಗೇಮಾ?” ಎಂದು ತಮಿಳಿನಲ್ಲೇ ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು.

ಆ ಬ್ಯಾಚಿನಲ್ಲಿ ಮಾದೇವಿ ಎಂಬ ಹುಡುಗಿಯಿದ್ದಳು. ಊರು ತಾಳವಾಡಿ. ತಮಿಳುನಾಡಿಗೆ ಸೇರಿದ್ದರೂ ಅಲ್ಲಿ ಮನೆಮಾತು ಹೆಚ್ಚಾಗಿ ಕನ್ನಡವೇ, ಚಾಮರಾಜನಗರದ ಕಡೆಯ ಕನ್ನಡ. ಓದಿದ್ದು ತಮಿಳಿನಲ್ಲಿ. ವಾರ್ಡಿನಲ್ಲಿ ಅವಳಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ. ಮಕ್ಕಳಿಗೆ ಡ್ರಿಪ್ ಹಾಕುವಾಗ ಸ್ಟಾಫ್ ನರ್ಸುಗಳೇ ಅವಳನ್ನು ಕರೆಯುತ್ತಿದ್ದರು. ಆದರೆ ಥಿಯೇಟರಿಗೆ ಹೋದ ಮೊದಲ ದಿನವೇ ಅವಳು ತಲೆ ಸುತ್ತಿ ಬಿದ್ದಳು. ಮೊದಲ ದಿನ ಬೀಳುವುದು ದೊಡ್ಡ ವಿಷಯವಲ್ಲ, ನಾನೂ ಬಿದ್ದವಳೇ. ಎರಡನೆಯ ದಿನವೂ ಬಿದ್ದಳು. ಮುಂದಿನ ವಾರ ಬಿದ್ದಾಗ ಅವಳ ತೋಳು ಇನ್‌ಸ್ಟ್ರುಮೆಂಟ್ ಟ್ರಾಲಿಗೆ ತಗುಲಿ, ಇಡೀ ಟ್ರಾಲಿಯನ್ನು ಬದಲಾಯಿಸಬೇಕಾಯಿತು. ಹೊಟ್ಟೆ ತೆರೆದ ರೋಗಿ ಮೇಜಿನ ಮೇಲೆ ಕಾಯಬೇಕಾಯಿತು. ಸರ್ಜನ್ ಡಾಕ್ಟರ್ ರಾಜಶೇಖರನ್ ಸಿಡಿದೆದ್ದರು. “ಈ ಹುಡುಗಿಗೆ ರಕ್ತ ಕಂಡರೆ ಆಗುವುದಿಲ್ಲ. ನನ್ನ ಥಿಯೇಟರಿಗೆ ಕಳಿಸಬೇಡಿ” ಎಂದು ಪ್ರಿನ್ಸಿಪಾಲರಿಗೆ ಹೇಳಿಕಳಿಸಿದರು.

ಥಿಯೇಟರ್ ಪೋಸ್ಟಿಂಗ್ ಮುಗಿಸದಿದ್ದರೆ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಹೋಯಿತೆಂದೇ ಲೆಕ್ಕ. ಮಾದೇವಿಯನ್ನು ನನ್ನ ಕೋಣೆಗೆ ಕರೆದು ಕೂರಿಸಿದೆ.

“ನಂಗೆ ರಕ್ತ ಅಂದ್ರೆ ಭಯ ಇಲ್ಲ ಕನ್ ಮೇಡಮ್” ಎಂದಳು. “ಊರಲ್ಲಿ ಕುರಿ ಕುಯ್ವಾಗ ಬಟ್ಲು ಹಿಡಿಯವಳೇ ನಾನು. ಅಲ್ಲೋದ್ರೆ ಮಾತ್ರ ಅದೇನೋ ಕಣ್ಗೆ ಕತ್ಲು ಕವ್ಕತದೆ.”

“ಮನೆಗೆ ತಿಳಿಸಿದೀಯಾ?”

“ಇಲ್ಲ. ಇನ್ನೊಂದ್ ವರ್ಸ ಅಂದ್ರೆ ನಮ್ಮಪ್ಪ ವಾಪಸ್ ಬಾ ಅಂತಾನೆ. ಬುದ್ದಿ ಬಂದ ಕಾಲ್ದಿಂದ ಇದೊಂದೇ ಆಸೆ ಮೇಡಮ್ ನಂಗೆ.”

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ನಾಲ್ಕು ಸಮಾಧಾನದ ಮಾತಾಡಿ ಕಳಿಸುತ್ತಿದ್ದೆನೇನೋ. ಅವಳು ಸುಮ್ಮನೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು, ಅದನ್ನೇ ನನಗೆ ತಡೆಯಲಾಗಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ, ಯಂತ್ರದಲ್ಲಿ ಅಭ್ಯಾಸ ಮಾಡಿಸಿ ಇನ್ನೊಂದೇ ಒಂದು ಸಲ ಕಳಿಸುತ್ತೇನೆ ಎಂದು ಗೋಗರೆದೆ. ಅವರು ಡಾಕ್ಟರನ್ನು ಒಪ್ಪಿಸಿದರು. ಇದೇ ಕೊನೆಯ ಅವಕಾಶ ಎಂದೂ ಸ್ಪಷ್ಟವಾಗಿ ಹೇಳಿದರು.

ನನ್ನ ಎಣಿಕೆ ಸರಳವಾಗಿತ್ತು. ಹೆಲ್ಮೆಟ್ಟಿನಲ್ಲಿ ರಕ್ತವನ್ನು ದಿನವೂ ತೋರಿಸಿದರೆ ಹೆದರಿಕೆ ತಾನಾಗಿ ಇಳಿಯುತ್ತದೆ. ರಾಘುವಿಗೆ ರಕ್ತ ಜಾಸ್ತಿ ಮಾಡೆಂದೆ. ಅವನು ಎಷ್ಟು ಜಾಸ್ತಿ ಮಾಡಿದನೆಂದರೆ, ಕಾರ್ಟೂನ್ ರೋಗಿಯ ಹೊಟ್ಟೆಯಿಂದ ಟೊಮೆಟೊ ಸಾರು ಉಕ್ಕಿದ ಹಾಗಾಯಿತು. ಮಾದೇವಿ ಮಧ್ಯಾಹ್ನ ಊಟ ಮುಗಿಸಿ ಬರುತ್ತಿದ್ದಳು, ಹೆಲ್ಮೆಟ್ ಹಾಕುತ್ತಿದ್ದಳು, ಒಂದಾದ ಮೇಲೊಂದು ಉಪಕರಣವನ್ನು ತಪ್ಪಿಲ್ಲದೆ ಕೊಡುತ್ತಿದ್ದಳು. ಅವಳಿಗೆ ತಲೆ ಸುತ್ತುವುದಿರಲಿ, ನಗು ಬರುತ್ತಿತ್ತು. ಒಂದು ವಾರವಾದರೂ ಹೀಗೇ ಆದಾಗ ನನಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಇಲ್ಲಿ ಹೆದರದವಳ ಹೆದರಿಕೆಯನ್ನು ಇಲ್ಲಿ ಹೇಗೆ ಬಿಡಿಸುವುದು?

ಆಗ ನನಗೊಂದು ಯೋಚನೆ ಹೊಳೆಯಿತು. ನಿಜವಾದ ಥಿಯೇಟರಿನಲ್ಲಿ ಹೇಗಿರುತ್ತಾಳೋ ಹಾಗೆಯೇ ಇಲ್ಲಿಗೂ ಬರಲಿ. ಅದೇ ಹೊತ್ತು, ಅದೇ ಉಡುಪು. “ನಾಳೆ ಥಿಯೇಟರ್ ಡ್ಯೂಟಿ ಅಂದ್ಕೊಂಡು ಬೆಳಿಗ್ಗೆ ಬಾ. ಏನೇನು ಮಾಡ್ತೀಯೋ ಎಲ್ಲಾ ಹಂಗೇ ಮಾಡು” ಎಂದೆ. ಸಿಸ್ಟರ್ ಲಿಲ್ಲಿಯವರನ್ನೂ ಕರೆದೆ. ಬರುವುದಿಲ್ಲವೆಂದುಕೊಂಡಿದ್ದೆ, ಬಂದರು. ಗೌನು ಹೇಗೆ ತೊಡುತ್ತಾಳೆಂದು ನೋಡಬೇಕಂತೆ.

ಬೆಳಿಗ್ಗೆ ಮಾದೇವಿ ತಲೆಗೆ ಸ್ನಾನ ಮಾಡಿ ಬಂದಿದ್ದಳು. ಕೈ ತಿಕ್ಕಿ ತೊಳೆದು, ಮಾಸ್ಕ್ ಕಟ್ಟಿ, ಗೌನು ತೊಟ್ಟು, ಗ್ಲೌಸ್ ಹಾಕಿಕೊಂಡಳು. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಮೇಲೆ ಹೆಲ್ಮೆಟ್ ಇಟ್ಟೆವು. ನಿಜವಾದ ಒಂದು ಟ್ರಾಲಿಯನ್ನೂ ಮುಂದೆ ನಿಲ್ಲಿಸಿದೆವು. ರಾಘು ಪ್ರೋಗ್ರಾಂ ಶುರು ಮಾಡಿದ. ಇನ್ನೂ ರೋಗಿಗೆ ಬಟ್ಟೆ ಹೊದಿಸುವ ಹಂತ, ಚಾಕು ಮುಟ್ಟಿಸಿರಲಿಲ್ಲ, ಒಂದು ತೊಟ್ಟು ರಕ್ತವೂ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ರಾಘು ಕೀಬೋರ್ಡನ್ನು ಕುಟ್ಟತೊಡಗಿದ.

“ಮೇಡಮ್, ಸಿಸ್ಟಮ್ ಹ್ಯಾಂಗ್ ಆಗಿಬಿಟ್ಟಿದೆ ಅನ್ಸುತ್ತೆ. ಒಂದು ನಿಮಿಷ ಇರುಂಗೋ.”

ಮಾನಿಟರ್ ನೋಡಿದೆ. ಚಿತ್ರ ನಿಂತುಬಿಟ್ಟಿತ್ತು. ಟ್ರಾಲಿ, ನೀಲಿ ಬಟ್ಟೆ, ಗೋಡೆಯ ಒಂದು ಮೂಲೆ, ಎಲ್ಲವೂ ಫೋಟೋದಂತೆ ಸ್ತಬ್ಧ. ಬೇರೆ ಹುಡುಗಿಯರು ಹಾಕಿಕೊಂಡಾಗ ಚಿತ್ರ ಯಾವಾಗಲೂ ಅತ್ತಿತ್ತ ತೊನೆಯುತ್ತಲೇ ಇರುತ್ತಿತ್ತು. ನಾವು ಸುಮ್ಮನೆ ನಿಂತರೂ ಉಸಿರಾಡುವಾಗ ತಲೆ ತುಸು ಏರಿ ಇಳಿಯುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಗುತ್ತದೆ. ಅದನ್ನೆಲ್ಲ ಹೆಲ್ಮೆಟ್ ಹಿಡಿದುಬಿಡುತ್ತಿತ್ತು. ನಾನೂ ರಾಘುವಿನಂತೆ ಕಂಪ್ಯೂಟರಿನದೇ ತೊಂದರೆ ಎಂದುಕೊಂಡೆ. ಅಷ್ಟರಲ್ಲಿ ಆ ಗೋಡೆಯ ಮೂಲೆಯಲ್ಲಿದ್ದ ಕಾರ್ಟೂನ್ ಗಡಿಯಾರ ಕಣ್ಣಿಗೆ ಬಿತ್ತು. ಅದರ ಸೆಕೆಂಡ್ ಮುಳ್ಳು ಓಡುತ್ತಿತ್ತು.

“ರಾಘು, ಇದು ಹ್ಯಾಂಗ್ ಆಗಿಲ್ಲ” ಎಂದೆ.

ಇಬ್ಬರೂ ಒಟ್ಟಿಗೆ ಮಾದೇವಿಯತ್ತ ತಿರುಗಿದೆವು. ಕಂಬದಂತೆ ನಿಂತಿದ್ದಳು. ಮಂಡಿ ಬಿಗಿದು, ಕೈಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ಟ್ರಾಲಿಯ ಮೇಲೆ ತುಸು ಬಾಗಿ. ಹೆಲ್ಮೆಟ್ಟಿನ ಕೆಳಗೆ ಕಾಣುತ್ತಿದ್ದ ಮಾಸ್ಕಿನ ಬಟ್ಟೆ ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ಅವಳು ಉಸಿರಾಡುತ್ತಲೇ ಇರಲಿಲ್ಲ. ನಾನು ಏಳುವಷ್ಟರಲ್ಲಿ ಮಾನಿಟರಿನ ಚಿತ್ರ ಓರೆಯಾಯಿತು, ದೀಪ ಸರ್ರನೆ ಪಕ್ಕಕ್ಕೆ ಜಾರಿತು, ಆಮೇಲೆ ಬರೀ ಸೂರು. ಹಿಂದೆ ನಿಂತಿದ್ದ ಸಿಸ್ಟರ್ ಲಿಲ್ಲಿ ಅವಳನ್ನು ಎರಡೂ ತೋಳಲ್ಲಿ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಇಳಿಸಿದರು.

ಕಾಲು ಎತ್ತಿ ಮಲಗಿಸಿ, ಹೆಲ್ಮೆಟ್, ಮಾಸ್ಕ್ ತೆಗೆದೆವು. ಅವಳು ಕಣ್ಣು ಬಿಟ್ಟಾಗ ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಗಿತ್ತು. ಬಿದ್ದವಳನ್ನು ನೋಡಿ ಸಂತೋಷಪಟ್ಟ ನರ್ಸ್ ನಾನೊಬ್ಬಳೇ ಇರಬೇಕು.

“ಉಸಿರು ಯಾಕೆ ಹಿಡ್ಕೊಂಡಿದ್ದೆ ಮಾದೇವಿ?” ಎಂದು ಕೇಳಿದೆ.

ಅವಳು ಸಿಸ್ಟರ್ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು. “ಟ್ರಾಲಿ ಮೇಲೆ ಉಸ್ರು ಬುಡ್ಬಾರ್ದು ಅಂದವ್ರಲ್ಲ ಮೇಡಮ್. ಅಲ್ಲಾಡ್ಬಾರ್ದು ಅಂತಾನೂ ಅಂದವ್ರೆ. ಒಸಿ ಹೊತ್ತು ಹಿಡ್ಕತೀನಿ, ಆಗ್ದೆ ಇದ್ರೆ ಮೆತ್ಗೆ ಬುಡ್ತೀನಿ, ಮತ್ತೆ ಹಿಡ್ಕತೀನಿ.”

“ಬೆಳಿಗ್ಗೆ ಏನು ತಿಂದೆ?”

“ಥಿಯೇಟರ್ ದಿನ ತಿನ್ನಲ್ಲ ಮೇಡಮ್. ಸುತ್ತಮಾಗಿ ಹೋಗ್ಬೇಕು ಅಂತ ಅಕ್ಕದೀರು ಯೋಳ್ಕೊಟ್ಟವ್ರೆ. ತಲೆಗೆ ನೀರು ಹಾಕಂಡು, ಬರಿ ಹೊಟ್ಟೇಲಿ.”

ಸುತ್ತಮ್ ಎಂದರೆ ತಮಿಳಿನಲ್ಲಿ ಶುದ್ಧ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆ ಹುಡುಗಿಯರು ಥಿಯೇಟರಿಗೆ ಮಡಿಯಲ್ಲಿ ಹೋಗುತ್ತಿದ್ದರು. ಹಾಸ್ಟೆಲಿನ ಮೆಸ್ಸಿನಲ್ಲಿ ತಿಂಡಿ ಆಗುವ ಮೊದಲೇ ಥಿಯೇಟರಿಗೆ ಹಾಜರಾಗಬೇಕಿತ್ತು. ಯಾವುದೋ ಕಾಲದ ಹುಡುಗಿಯರು ಹಸಿದುಕೊಂಡು ಹೋಗಿರಬೇಕು, ಬರಬರುತ್ತ ಅದೇ ವ್ರತವಾಗಿತ್ತು. ಸೀನಿಯರುಗಳು ಜೂನಿಯರುಗಳಿಗೆ ಭಕ್ತಿಯಿಂದ ಕಲಿಸುತ್ತಿದ್ದರು. ಬೇರೆ ಹುಡುಗಿಯರು ಗುಟ್ಟಾಗಿ ಬ್ರೆಡ್ಡೋ ಬಿಸ್ಕತ್ತೋ ತಿಂದು, ಸಿಸ್ಟರ್ ಅತ್ತ ತಿರುಗಿದಾಗ ಗೋಡೆಗೆ ಹತ್ತಿರವಾಗಿ ಕಾಲು ಸಡಿಲಿಸಿ ಹೇಗೋ ನಿಭಾಯಿಸುತ್ತಿದ್ದರು. ಮಾದೇವಿ ಮಾತ್ರ ಹೇಳಿದ್ದನ್ನು ಹೇಳಿದಂತೆಯೇ ಪಾಲಿಸಿದ್ದಳು. ಖಾಲಿ ಹೊಟ್ಟೆ, ಬಿಗಿದ ಮಂಡಿ, ಕಟ್ಟಿದ ಉಸಿರು. ಮಂಡಿ ಬಿಗಿದು ಅಲ್ಲಾಡದೆ ನಿಂತರೆ ರಕ್ತವೆಲ್ಲ ಕಾಲಿನಲ್ಲೇ ಉಳಿದು ಮಿದುಳಿಗೆ ಕಡಿಮೆಯಾಗುತ್ತದೆ. ಪರೇಡಿನಲ್ಲಿ ಗಟ್ಟಿಮುಟ್ಟಾದ ಸಿಪಾಯಿಗಳೇ ಬೀಳುವುದು ಇದರಿಂದ. ಅವಳು ಬೀಳದಿದ್ದರೇ ಆಶ್ಚರ್ಯ.

ಟ್ರಾಲಿಯ ಮೇಲೆ ಕೆಮ್ಮಬಾರದು, ಬಾಗಿ ಮಾತಾಡಬಾರದು ಎಂಬ ಅರ್ಥದಲ್ಲಿ ಸಿಸ್ಟರ್ ಲಿಲ್ಲಿ ಹಾಗೆ ಹೇಳುತ್ತಿದ್ದದ್ದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಆಯಾಳನ್ನು ಕರೆದು ಕ್ಯಾಂಟೀನಿನಿಂದ ಇಡ್ಲಿ ತರಿಸಿ, ಮಾದೇವಿ ತಿಂದು ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದರು. ಹೋಗುವಾಗ ನನಗೆ, “ನಾಳೆಯೂ ಅವಳಿಗೆ ಹೆಲ್ಮೆಟ್ ಹಾಕಿಸಿ. ನಾನು ಬರುತ್ತೇನೆ” ಎಂದರು.

ಆಮೇಲಿನ ದಿನಗಳು ಹಬ್ಬದಂತೆ ಕಳೆದವು. ಈಗ ನಮಗೆ ಉಪಕರಣ ಕೊಡುವುದನ್ನು ಕಲಿಸಬೇಕಿರಲಿಲ್ಲ, ನಿಲ್ಲುವುದನ್ನು ಕಲಿಸಬೇಕಿತ್ತು. ಮಾಸ್ಕಿನೊಳಗೆ ಮೂಗಿನಿಂದ ನಿಧಾನವಾಗಿ ಉಸಿರಾಡುವುದು, ಮಂಡಿ ಸಡಿಲ ಬಿಡುವುದು, ಸ್ಟೆರೈಲ್ ಕೈ ಮೇಲೇ ಇರುವಾಗ ಗೌನಿನ ಕೆಳಗೆ ಹಿಮ್ಮಡಿ ಎತ್ತಿ ಇಳಿಸುವುದು. ಮಾನಿಟರಿನ ಚಿತ್ರ ಮೆಲ್ಲಗೆ ಏರಿಳಿಯುತ್ತಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಅದು ನಿಂತಿತೋ, ರಾಘು ಮೇಜು ತಟ್ಟಿ, “ಹ್ಯಾಂಗ್ ಆಯ್ತು” ಎನ್ನುತ್ತಿದ್ದ. ಮಾದೇವಿ ತಕ್ಷಣ ಉಸಿರು ಬಿಡುತ್ತಿದ್ದಳು. ಹೆಲ್ಮೆಟ್ ಮಾಡಿದವರಿಗೆ ಇದು ಇಂಥ ಕೆಲಸಕ್ಕೂ ಬರುತ್ತದೆಂದು ಗೊತ್ತಿತ್ತೋ ಇಲ್ಲವೋ. ಇತ್ತ ಪ್ರಿನ್ಸಿಪಾಲರಿಗೆ ಹೇಳಿ, ಥಿಯೇಟರಿಗೆ ಹೋಗುವ ಹುಡುಗಿಯರಿಗೆ ಮೆಸ್ಸಿನಲ್ಲಿ ಮೊದಲೇ ತಿಂಡಿ ಕೊಡುವ ವ್ಯವಸ್ಥೆ ಮಾಡಿಸಿದೆ. ಸೀನಿಯರ್ ಹುಡುಗಿಯರು ಗೊಣಗಿದರು. ಸಿಸ್ಟರ್ ಲಿಲ್ಲಿ ಒಂದು ದಿನ ಬೆಳಿಗ್ಗೆ ಮೆಸ್ಸಿನ ಬಾಗಿಲಲ್ಲಿ ಬಂದು ನಿಂತಮೇಲೆ ಗೊಣಗಾಟ ನಿಂತಿತು.

ಮಾದೇವಿಯ ಕೊನೆಯ ಅವಕಾಶ ಬಂತು. ಅಪೆಂಡಿಕ್ಸ್ ಆಪರೇಷನ್, ಅದೇ ಡಾಕ್ಟರ್ ರಾಜಶೇಖರನ್. ಸ್ಕ್ರಬ್ ಆಗಿ ನಿಲ್ಲುವವರು ಸಿಸ್ಟರ್ ಲಿಲ್ಲಿ, ಪಕ್ಕದಲ್ಲಿ ಸಹಾಯಕ್ಕೆ ಮಾದೇವಿ. ನಾನು ಕ್ಯಾಪು ಮಾಸ್ಕು ಹಾಕಿಕೊಂಡು ಗೋಡೆಯ ಬದಿಯಲ್ಲಿ ನಿಂತೆ. ಡಾಕ್ಟರ್ ಒಳಗೆ ಬಂದವರೇ ಅವಳನ್ನೂ ನನ್ನನ್ನೂ ಒಮ್ಮೆ ನೋಡಿದರು.

ಎಲ್ಲರೂ ಹೊಟ್ಟೆಯ ಕಡೆ ನೋಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಮಾದೇವಿಯ ಮಾಸ್ಕನ್ನು. ಹಸಿರು ಬಟ್ಟೆ ತುಸು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಚಾಕು ಇಳಿಯಿತು, ರಕ್ತ ಬಂತು, ಮಾಸ್ಕ್ ಒಳಗೆ ಹೊರಗೆ ಆಡುತ್ತಲೇ ಇತ್ತು. ಡಾಕ್ಟರ್ ಕೈ ಚಾಚಿದರು. ಸಿಸ್ಟರ್ ಲಿಲ್ಲಿ ಬೇಕೆಂದೇ ಸುಮ್ಮನಿದ್ದರು. ಮಾದೇವಿ ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸನ್ನು ಡಾಕ್ಟರ ಅಂಗೈಗೆ ಟಪ್ಪೆಂದು ಕೊಟ್ಟಳು. ಮತ್ತೆ ಕೈ ಬಂತು, ಮತ್ತೆ ಕೊಟ್ಟಳು. ನನಗೆ ಚಪ್ಪಾಳೆ ತಟ್ಟಬೇಕೆನಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅರ್ಧ ದಾರಿಯಲ್ಲಿ ಡಾಕ್ಟರ್ ತಲೆಯೆತ್ತದೆ ಕೇಳಿದರು, “ಸಿಸ್ಟರ್, ಈ ಹುಡುಗಿ ಯಾಕೆ ಆಗಲಿಂದ ಅಲ್ಲಾಡುತ್ತಿದ್ದಾಳೆ?”

ಅವರ ಥಿಯೇಟರಿನಲ್ಲಿ ಅಲ್ಲಾಡುವುದು ಅಪರಾಧ. ಮಾದೇವಿಯ ಮಾಸ್ಕ್ ಒಂದು ಕ್ಷಣ ನಿಂತಿತು.

“ಉಸಿರಾಡುತ್ತಿದ್ದಾಳೆ ಡಾಕ್ಟರ್” ಎಂದರು ಸಿಸ್ಟರ್ ಲಿಲ್ಲಿ. “ನಾನೇ ಹೇಳಿದ್ದು.”

ಡಾಕ್ಟರ್ ಮತ್ತೆ ಕೈ ಚಾಚಿದರು, ಉಪಕರಣ ಬಂತು. ಹೊಲಿಗೆ ಮುಗಿದು ಪಟ್ಟಿ ಹಾಕುವವರೆಗೂ ಮಾದೇವಿ ನಿಂತೇ ಇದ್ದಳು. ಪೋಸ್ಟಿಂಗ್ ಮುಂದುವರಿಸಲು ಡಾಕ್ಟರ್ ಅಂದೇ ಒಪ್ಪಿದರು.

ಹೊರಗೆ ಬಂದು ಮಾಸ್ಕ್ ಬಿಚ್ಚಿದವಳನ್ನು ಹೇಗಾಯಿತೆಂದು ಕೇಳಿದೆ. ತನ್ನ ಬಗ್ಗೆ ಏನಾದರೂ ಹೇಳುತ್ತಾಳೆ, ಅತ್ತರೂ ಅಳಬಹುದು ಎಂದು ಕಾದಿದ್ದೆ.

“ಮೇಡಮ್, ಕರ್ಳು ಅಂಗೇ ತಾನೇ ತಾನಾಗಿ ಅಲ್ಲಾಡ್ತದೆ. ಮೆತ್ಗೆ, ಹುಳ ಹರ್ದಂಗೆ” ಎಂದಳು. ಕಣ್ಣು ಮಿಂಚುತ್ತಿದ್ದವು. “ನಿಮ್ ಮಿಷನ್ನಾಗೆ ಅದು ಸುಮ್ನೆ ಬಿದ್ದಿರ್ತದೆ. ರಾಘು ಸಾರ್ಗೆ ಯೋಳಿ, ತಪ್ಪು ಮಾಡವ್ರೆ ಅಂತ.”

ಅಷ್ಟು ದಿನ ಥಿಯೇಟರಿಗೆ ಹೋಗಿಯೂ ಅವಳು ಒಂದು ಆಪರೇಷನ್ನನ್ನೂ ಸರಿಯಾಗಿ ನೋಡಿರಲಿಲ್ಲ. ಅಂದು ನೋಡಿದಳು. ಅವಳು ಸರಿಯಾದ ಸಮಯಕ್ಕೆ ಪರೀಕ್ಷೆ ಬರೆದು ಪಾಸಾದಳು, ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಥಿಯೇಟರ್ ನರ್ಸ್ ಆದಳು. ಆ ಹಳೆಯ ಹೆಲ್ಮೆಟ್ ಕೆಲವು ವರ್ಷಗಳಲ್ಲಿ ಕೆಟ್ಟು ಮೂಲೆ ಸೇರಿತು.

ನಾವು ಆ ಯಂತ್ರವನ್ನು ತಂದದ್ದು ಹುಡುಗಿಯರಿಗೆ ಥಿಯೇಟರನ್ನು ತೋರಿಸಲು. ಅದು ನಮಗೆ ಹುಡುಗಿಯನ್ನು ತೋರಿಸಿತು. ಅವಳು ಎಲ್ಲಿ ನೋಡುತ್ತಾಳೆ, ಹೇಗೆ ನಿಲ್ಲುತ್ತಾಳೆ ಎಂದು ಅಲ್ಲಿಯ ತನಕ ನಾವ್ಯಾರೂ ಅಷ್ಟು ಹತ್ತಿರದಿಂದ ಗಮನಿಸಿರಲಿಲ್ಲ. ಅದಾದ ಮೇಲೆ ನಾನು ಕಲಿಸಿದ ಪ್ರತಿ ಬ್ಯಾಚಿನಲ್ಲೂ ಒಬ್ಬಳಾದರೂ ಬಿದ್ದಳು, ಒಬ್ಬಳಾದರೂ ತಡವರಿಸಿದಳು. ಇವಳಿಗೆ ಧೈರ್ಯ ಸಾಲದು ಎನ್ನುವ ಮಾತು ಎಷ್ಟೋ ಸಲ ಬಾಯಿಗೆ ಬಂತು. ಆಗೆಲ್ಲ ಅದನ್ನು ನುಂಗಿಕೊಂಡು ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಾವು ನಿನಗೆ ಏನು ಮಾಡು ಅಂತ ಹೇಳಿದ್ದೆವಮ್ಮಾ?